ಅಪ್ಪೆಮಿಡಿ ಬಾಟಲಿಗೊಂದು ಲೇಬಲ್

ಶಿರಸಿಯಲ್ಲಿರುವ ನಮ್ಮತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಈ ಸಲ 24 ಬಾಟಲಿಗೆ ಲೇಬಲ್ ಮಾಡಿಕೊಡುತ್ತೇನೆ ಅಂತ ನಾನೇ ಹೇಳಿದ್ದೆ. ಹಸಿರು ಮಿಡಿಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಚೌಕವಾಗಿ ಅಲ್ಲ, ಚಿತ್ರದ ಅಂಚು ಹೇಗಿದೆಯೋ ಹಾಗೇ ಕತ್ತರಿಸಬೇಕು. ಅದಕ್ಕೆ ಪ್ರಿಂಟರಿನಲ್ಲಿ ಅಚ್ಚು ಹಾಕಿ ಸಿಲೂಯೆಟ್ ಕ್ಯಾಮಿಯೋ ಅನ್ನುವ ಕತ್ತರಿಸುವ ಯಂತ್ರದಲ್ಲಿ ಕಟ್ ಮಾಡಲು ಕೂತೆ. ಎ4 ಹಾಳೆಗೆ 8 ಲೇಬಲ್. ಮನೆಯಲ್ಲಿದ್ದದ್ದು 5 ಸ್ಟಿಕರ್ ಹಾಳೆ. ಮರುದಿನ ಬೆಳಿಗ್ಗೆ ಊರಿಗೆ ಹೊರಡಬೇಕಿತ್ತು.

ಮೊದಲು ತಡೆದದ್ದು 'ಪ್ಪೆ'. ಚಿತ್ರವನ್ನು ಟ್ರೇಸ್ ಮಾಡಿದರೆ ಸಾಫ್ಟ್‌ವೇರ್ ಪ್ರತಿ ಅಕ್ಷರದ ಸುತ್ತಲೂ ಕತ್ತರಿಸಲು ಬೇರೆ ಬೇರೆ ಗೆರೆ ಹಾಕಿತು. ಕೆಳಗೆ ಜೋತುಬಿದ್ದ ಒತ್ತಕ್ಷರಕ್ಕೂ ಅದರದೇ ಗೆರೆ. ಹಾಗೇ ಬಿಟ್ಟಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ! ಗೆರೆಯನ್ನು ಹೊರಕ್ಕೆ ಸರಿಸುವ ಆಫ್‌ಸೆಟ್ 3 ಮಿಲಿಮೀಟರ್ ಕೊಟ್ಟೆ. ಗೆರೆಗಳೆಲ್ಲ ಉಬ್ಬಿ ಒಂದಕ್ಕೊಂದು ಕೂಡಿಕೊಂಡು ಹೊರಗೆ ಒಂದೇ ಅಂಚಾಯಿತು. ಒಳಗಿನ ಹಳೇ ಗೆರೆಗಳನ್ನು ಅಳಿಸಿದೆ. ಕನ್ನಡದಲ್ಲಿ ಲೇಬಲ್ ಮಾಡುವವರು ಇಷ್ಟನ್ನು ಮರೆಯಲೇಬಾರದು.

ಆಮೇಲೆ ರಿಜಿಸ್ಟ್ರೇಷನ್ ಮಾರ್ಕ್ ಹಾಕಿದೆ. ಒಂದು ಮೂಲೆಯಲ್ಲಿ ಕಪ್ಪು ಚೌಕ, ಇನ್ನೆರಡು ಮೂಲೆಯಲ್ಲಿ ಮೂಲೆಗೆರೆ. ಯಂತ್ರದ ಸೆನ್ಸರ್ ಈ ಮೂರನ್ನು ನೋಡಿಯೇ ಅಚ್ಚು ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಅಚ್ಚು ಚೆನ್ನಾಗಿ ಬಂತು. ಆದರೆ ಯಂತ್ರ ಚೌಕವನ್ನು ಹಿಡಿದು, ಮುಂದಿನ ಮಾರ್ಕಿಗೆ ಹುಡುಕಾಡಿ, ವಾಪಸ್ ಬಂತು. ಮತ್ತೆ ಕಳಿಸಿದೆ. ಮತ್ತೆ ಅದೇ.

ಸುಮ್ನೆ ಸೆಟ್ಟಿಂಗ್ ತಿರುಗಿಸುತ್ತಾ ಕೂರುವ ಬದಲು ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತಂದೆ. ಸ್ಕ್ರೀನಿನಲ್ಲಿ ಅಡ್ಡಕ್ಕೆ ಮಾರ್ಕುಗಳ ನಡುವೆ 190 ಮಿಲಿಮೀಟರ್. ಹಾಳೆಯ ಮೇಲೆ ಬರೀ 184! ಪ್ರಿಂಟ್ ಮಾಡುವಾಗ 'ಫಿಟ್ ಟು ಪೇಜ್' ಟಿಕ್ ಆಗಿತ್ತು, ಅಚ್ಚು ಪೂರ್ತಿ ಕುಗ್ಗಿತ್ತು. ಇದನ್ನು ತೆಗೆದು 'ಆಕ್ಚುಯಲ್ ಸೈಜ್' ಮಾಡಿ, ಮೊದಲು ಮಾಮೂಲಿ ಕಾಗದದ ಮೇಲೆ ತೆಗೆದು ಅಳೆದೆ. ಸರಿಯಾಗಿ 190.

ಇನ್ನೊಂದು ತೊಡಕು ಬಾಕಿ ಇತ್ತು. ಉಪ್ಪಿನಕಾಯಿ ಬಾಟಲಿ ಅಂದಮೇಲೆ ಎಣ್ಣೆ ಕೈ ತಾಗೇ ತಾಗುತ್ತದೆ, ಅಲ್ವಾ? ಹಾಗಾಗಿ ಹೊಸ ಅಚ್ಚಿನ ಮೇಲೆ ಹೊಳೆಯುವ ಲ್ಯಾಮಿನೇಷನ್ ಹಾಳೆ ಅಂಟಿಸಿದ್ದೆ. ಹೊಳಪಿನಲ್ಲಿ ಬೆಳಕು ಪ್ರತಿಫಲಿಸಿ ಸೆನ್ಸರಿಗೆ ಕಪ್ಪು ಕಪ್ಪಾಗಿ ಕಾಣಲಿಲ್ಲ. ಮೂರೂ ಮಾರ್ಕಿನ ಮೇಲೆ ಮಂಜು ಮಂಜಾದ ಮ್ಯಾಟ್ ಟೇಪ್ ಅಂಟಿಸಿ, ಕಿಟಕಿ ಪರದೆ ಎಳೆದೆ. ಈ ಸಲ ಮೊದಲ ಸಲಕ್ಕೇ ಮೂರೂ ಸಿಕ್ಕವು.

ಬ್ಲೇಡ್ ಮೇಲಿನ ಸ್ಟಿಕರನ್ನಷ್ಟೇ ಕೊಯ್ಯಬೇಕು, ಅಡಿಯ ಕಾಗದ ಹಾಗೇ ಉಳಿಯಬೇಕು. ಅದನ್ನು ಹಾಳಾದ ಮೊದಲ ಹಾಳೆಯ ಮೂಲೆಯಲ್ಲೇ ನೋಡಿಕೊಂಡಿದ್ದೆ. ರಾತ್ರಿ 11ರ ಹೊತ್ತಿಗೆ ಮೂರು ಹಾಳೆ ಮುಗಿದವು, ಒಂದು ಉಳಿಯಿತು. ಮೊದಲ ಲೇಬಲ್ ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ತೊಟ್ಟು ಮುರಿಯಲಿಲ್ಲ. 'ಪ್ಪೆ'ಯ ಒತ್ತಿನ ಸುತ್ತ ಬಿಳಿ ಅಂಚು ಎಲ್ಲ ಕಡೆ ಒಂದೇ ಅಗಲ.

ಮರುದಿನ ಅತ್ತೆ ಸೆರಗಿನಿಂದ ಬಾಟಲಿ ಒರೆಸಿ ಒರೆಸಿ ಕೊಟ್ಟರು, ನಾನು ಅಂಟಿಸುತ್ತಾ ಹೋದೆ. ಒಂದನ್ನು ಮಾತ್ರ ಅವರು ಮಾರಲು ಬಿಡಲಿಲ್ಲ. ಅದು ಈಗ ಅವರ ಅಡುಗೆಮನೆಯ ನಾಗಂದಿಗೆಯ ಮೇಲಿದೆ.