ಕಾಟುಮಾವಿನ ಮೇಲಿನ ಕಡಲಹದ್ದು

ಜನವರಿಯ ಎರಡನೆಯ ಆದಿತ್ಯವಾರ ನಸುಕಿನ ಐದು ಗಂಟೆಗೆ ನಾವು ಮೂವರು ಬದಿಯಡ್ಕ ಪೇಟೆಯಲ್ಲಿ ಸೇರಿದಾಗ ಅಡಿಕೆ ತೋಟಗಳ ಮೇಲೆ ಮಂಜು ಕವಿದಿತ್ತು. ಶಾಲೆಯಿಂದ ನಿವೃತ್ತರಾದ ಮಾಸ್ಟ್ರು, ಎಣ್ಮಕಜೆ ಕಡೆಯ ಅಡಿಕೆ ಕೃಷಿಕರಾದ ನಮ್ಮ ಗೆಳೆಯ ಮತ್ತು ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಹೀಗೆ ಮೂವರಲ್ಲಿ ಯಾರಿಗೂ ಛಾಯಾಗ್ರಹಣ ಹೊಟ್ಟೆಪಾಡಲ್ಲ. ಆದರೂ ಹನ್ನೊಂದು ವರ್ಷಗಳಿಂದ ತಿಂಗಳಿಗೊಂದು ದಿನವನ್ನು ಹಕ್ಕಿಗಳಿಗಾಗಿ ಮೀಸಲಿಟ್ಟು, ಕಾಸರಗೋಡು ಜಿಲ್ಲೆಯ ಗುಡ್ಡ, ಹೊಳೆ, ಕಡಲತೀರಗಳನ್ನು ಒಟ್ಟಾಗಿ ಸುತ್ತುತ್ತಿದ್ದೇವೆ. ಈ ಸಲ ಬೆಳಗ್ಗೆ ಕಿದೂರು, ನಡುಹಗಲಿಗೆ ಶಿರಿಯ ಹೊಳೆಯ ಅಳಿವೆ, ಸಂಜೆಗೆ ಮಂಜೇಶ್ವರದ ಕಡಲ ಬದಿಯಲ್ಲಿ ಕಡಲಹದ್ದು ಗೂಡುಕಟ್ಟಿರುವ ಒಂದು ಮನೆಯ ಹಿತ್ತಿಲು ಎಂದು ಮೊದಲೇ ಮಾತಾಗಿತ್ತು.

ಕಿದೂರು ಕುಂಬಳೆ ಪಂಚಾಯತಿಗೆ ಸೇರಿದ ಊರು. ಇಲ್ಲಿ 150ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ ಎಂದರೆ ಮೊದಲ ಸಲ ಬಂದವರು ನಂಬುವುದಿಲ್ಲ, ಏಕೆಂದರೆ ಕಣ್ಣಿಗೆ ಬೀಳುವುದು ಬಿಸಿಲಿಗೆ ಕಪ್ಪಾದ ಮುರಕಲ್ಲಿನ ಪದವು, ಅಂದರೆ ಬೋಳು ಬಯಲು ಮಾತ್ರ. ಆದರೆ ಆ ಪದವಿನಲ್ಲಿ ಮಳೆಗಾಲದ ನೀರು ನಿಲ್ಲುವ ಪಳ್ಳ ಉಂಟು, ಅಂಚಿನಲ್ಲಿ ಕುರುಚಲು ಕಾಡು ಉಂಟು, ಕೆಳಗಿಳಿದರೆ ತೋಟ, ಗದ್ದೆ, ತೋಡುಗಳು ಉಂಟು. ಅರ್ಧ ಗಂಟೆಯ ನಡಿಗೆಯೊಳಗೆ ಇಷ್ಟು ಬಗೆಯ ನೆಲೆಗಳು ಒಟ್ಟಿಗೆ ಸಿಗುವುದೇ ಹಕ್ಕಿಗಳ ವೈವಿಧ್ಯಕ್ಕೆ ಕಾರಣ. ಇಂಥ ಪದವುಗಳನ್ನು ಕಾಗದಪತ್ರಗಳಲ್ಲಿ ಬಂಜರು ಎಂದು ಬರೆಯುವ ರೂಢಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಸೂರ್ಯ ಮೇಲೇರುವ ಹೊತ್ತಿಗೆ ಅಂಚಿನ ಗೋಳಿಮರಕ್ಕೆ ಹಸಿರು ಪಾರಿವಾಳಗಳ ಹಿಂಡು ಬಂದು ಕುಳಿತಿತ್ತು. ಗಂಡಿನ ಎದೆಯ ಮೇಲಿನ ಕಿತ್ತಳೆ ಬಣ್ಣ, ಅದರ ಮೇಲಂಚಿನ ತಿಳಿ ನೇರಳೆ ಪಟ್ಟಿ ಎಳೆ ಬಿಸಿಲಿನಲ್ಲಿ ಮಾತ್ರ ಸರಿಯಾಗಿ ತೋರುತ್ತದೆ. ಗೆಳೆಯ ಒಂದೇ ಕಡೆ ಕದಲದೆ ನಿಂತು ಚಿತ್ರ ತೆಗೆಯುತ್ತಿದ್ದ. ಅವನು ಕ್ಯಾಮೆರಾ ಹಿಡಿದ ಕಾರಣವೇ ಬೇರೆ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದಲ್ಲಿ ಅವನು ಬಾಲಕ. ಮನೆಯ ಜೇನುಪೆಟ್ಟಿಗೆಗಳು ಬರಿದಾದದ್ದನ್ನು, ತೋಡಿನಲ್ಲಿ ಕಪ್ಪೆ ಕೂಗದ ಮಳೆಗಾಲಗಳನ್ನು ಕಂಡವನು. ಸಿಂಪರಣೆ ನಿಂತ ಮೇಲೆ ತೋಟಕ್ಕೆ ಯಾವ ಜೀವಿ ಯಾವ ವರ್ಷ ಮರಳಿತು ಎಂದು ಬರೆದಿಡಲು ತೊಡಗಿ, ಬರಹಕ್ಕೆ ಸಾಕ್ಷಿ ಬೇಕೆಂದು ಕ್ಯಾಮೆರಾ ಕೊಂಡ. ಅವನ ಚಿತ್ರಗಳು ಸ್ಪರ್ಧೆಗಳಲ್ಲಿ ಗೆದ್ದಿಲ್ಲ, ಆದರೆ ಪ್ರತಿಯೊಂದರ ಹಿಂದೆಯೂ ದಿನಾಂಕ ಮತ್ತು ಮರದ ಹೆಸರು ಇರುತ್ತದೆ. ನಮ್ಮ ಮೂವರ ಸಂಗ್ರಹದಲ್ಲಿ ಮುಂದಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ ಎಂದು ನಾನು ನಂಬಿದ್ದೇನೆ.

ಪಳ್ಳದ ಬದಿಯಲ್ಲಿ ಹಳದಿ ಟಿಟ್ಟಿಭಗಳು ಓಡಾಡುತ್ತಿದ್ದವು. ಅವನ್ನು ಕಂಡಾಗಲೆಲ್ಲ ನನಗೆ ಹಳೆಯ ತಪ್ಪೊಂದು ನೆನಪಾಗುತ್ತದೆ. ಹೊಸ ಲೆನ್ಸ್ ಕೊಂಡ ವರ್ಷ, ಏಪ್ರಿಲ್ ತಿಂಗಳಲ್ಲಿ, ಇಂಥದೇ ಪದವಿನ ಮೇಲೆ ಈ ಹಕ್ಕಿಯ ನಾಲ್ಕು ಮೊಟ್ಟೆಗಳನ್ನು ಕಂಡು, ತಾಯಿ ಬಂದು ಕೂರುವ ಚಿತ್ರ ಬೇಕೆಂದು ಹತ್ತಿರದಲ್ಲೇ ಬೋರಲು ಮಲಗಿದೆ. ಬರಿಗಲ್ಲಿನ ಮೇಲಿಡುವ ಮೊಟ್ಟೆಗಳನ್ನು ಟಿಟ್ಟಿಭಗಳು ಬೇಸಿಗೆಯಲ್ಲಿ ಕಾಪಾಡುವುದು ಕಾವಿನಿಂದಲ್ಲ, ನೆರಳಿನಿಂದ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಅವುಗಳನ್ನು ತಂಪಾಗಿಡುತ್ತವೆ. ಆ ದಿನ ನಾನು ಅಲ್ಲಿದ್ದಷ್ಟು ಹೊತ್ತೂ ಎರಡು ಹಕ್ಕಿಗಳೂ ದೂರದಲ್ಲಿ ಕೂಗುತ್ತಲೇ ಇದ್ದವು. ನನಗೆ ಅದು ಅರ್ಥವಾಗುವಾಗ ಮುಕ್ಕಾಲು ಗಂಟೆ ಕಳೆದಿತ್ತು, ಕಲ್ಲಿನ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ. ಮೂರು ದಿನ ಬಿಟ್ಟು ಹೋದಾಗ ಮೊಟ್ಟೆಗಳು ಅಲ್ಲೇ ಇದ್ದವು, ಹಕ್ಕಿಗಳು ಇರಲಿಲ್ಲ. ತೆಗೆದ ಚಿತ್ರಗಳನ್ನು ನಾನು ಯಾರಿಗೂ ತೋರಿಸಲಿಲ್ಲ, ಮಾಸ್ಟ್ರಿಗೆ ಮಾತ್ರ ಹೇಳಿದೆ. ಅವರು ಬೈಯಲಿಲ್ಲ, ಗೂಡಿನ ಹತ್ತಿರ ಇನ್ನು ಮುಂದೆ ಹಕ್ಕಿ ಹೇಳಿದಷ್ಟೇ ದೂರದಲ್ಲಿ ನಿಲ್ಲೋಣ ಎಂದರು. ನಮ್ಮ ತಿರುಗಾಟದ ನಿಯಮವೆಂದು ಇರುವುದು ಇದೊಂದೇ.

ಹಿಂದಿರುಗುವ ದಾರಿಯಲ್ಲಿ ಅನಂತಪುರದ ಸರೋವರ ಕ್ಷೇತ್ರಕ್ಕೆ ಹೋಗಿ ಕೈಮುಗಿದೆವು. ಅಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಮೊಸಳೆ ಅದೇ ಕೆರೆಯಲ್ಲಿ ಕಾಣಿಸಿಕೊಂಡಿತು. ನಮಗೆ ಆ ದಿನ ದರ್ಶನವಾಗಲಿಲ್ಲ. ಶಿರಿಯದ ಅಳಿವೆಯಲ್ಲಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ನೀರಿಳಿತದ ಹೊತ್ತಾಗಿದ್ದರಿಂದ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದರು, ಮರಳ ದಿಣ್ಣೆಯ ಮೇಲೆ ಕಡಲಕ್ಕಿಗಳ ಹಿಂಡು ಗಾಳಿಗೆ ಮುಖ ಮಾಡಿ ಕುಳಿತಿತ್ತು. ಎರಡು ಗಂಟೆಯ ಬಿಸಿಲಿನಲ್ಲಿ ಮರಳಿನಿಂದೇಳುವ ಝಳಕ್ಕೆ ಯಾವ ಲೆನ್ಸಿನಲ್ಲಿಯೂ ಚಿತ್ರ ಹರಿತವಾಗುವುದಿಲ್ಲ.

ಮಂಜೇಶ್ವರದ ಆ ಮನೆಗೆ ತಲುಪುವಾಗ ಮೂರೂವರೆ. ಕಡಲಿನಿಂದ ಕೂಗಳತೆಯ ದೂರದಲ್ಲಿರುವ ಹಂಚಿನ ಮನೆ, ಮನೆಯ ಮೂಡು ಬದಿಗೆ ನೂರು ವರ್ಷ ದಾಟಿದೆ ಎನ್ನಲಾಗುವ ಕಾಟುಮಾವಿನ ಮರ, ಅದರ ತುದಿಯ ಕವಲಿನಲ್ಲಿ ಕಟ್ಟಿಗೆ ಹೊರೆಯಷ್ಟು ದೊಡ್ಡ ಗೂಡು. ಬಿಳಿ ಹೊಟ್ಟೆಯ ಕಡಲಹದ್ದು ಪ್ರತಿವರ್ಷ ಹೊಸ ಗೂಡು ಕಟ್ಟುವುದಿಲ್ಲ. ಜೋಡಿಯು ಅದೇ ಗೂಡಿಗೆ ಕಡ್ಡಿ, ಹಸಿರು ಸೊಪ್ಪು ಸೇರಿಸುತ್ತಾ ಹೋಗುತ್ತದೆ. ಕೇರಳದಲ್ಲಿ ಈ ಹಕ್ಕಿ ಗೂಡುಕಟ್ಟುವುದು ಮುಖ್ಯವಾಗಿ ಕಾಸರಗೋಡು ಮತ್ತು ಕಣ್ಣೂರು ಜಿಲ್ಲೆಗಳ ಕರಾವಳಿಯಲ್ಲಿ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂವು, ಹಕ್ಕಿ, ಪ್ರಾಣಿಗಳನ್ನು ಘೋಷಿಸಿದಾಗ ಹಕ್ಕಿಯಾಗಿ ಆಯ್ಕೆಯಾದದ್ದು ಇದೇ. ಮರವಾಗಿ, ಊರಿಗೆ ಹೆಸರು ಕೊಟ್ಟಿತೆನ್ನುವ ಕಾಸರಕ. ಆದರೆ ಹದ್ದಿಗೆ ಬೇಕಾದ ಎತ್ತರದ ಹಳೆಯ ಮರಗಳು ಕಡಲ ಬದಿಯಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ಮನೆಗಳ ಹಿತ್ತಿಲು, ಬನ, ದೈವಸ್ಥಾನಗಳಲ್ಲಿ ಮಾತ್ರ. ಹಾಗಾಗಿ ಈ ಹಕ್ಕಿಯ ಭವಿಷ್ಯ ಕಾಯಿದೆಯಲ್ಲಿರುವಷ್ಟೇ ಮನೆಯವರ ಮನಸ್ಸಿನಲ್ಲಿಯೂ ಇದೆ.

ಮನೆಯ ಅಮ್ಮ ಚಾವಡಿಯಿಂದಲೇ ಹೇಳಿದರು, “ಬನ್ನಿ ಮಾಸ್ಟ್ರೇ, ಈ ಸಲ ಎರಡು ಮರಿ ಉಂಟು. ಮೊನ್ನೆಯಿಂದ ರೆಕ್ಕೆ ಬಡಿಲಿಕ್ಕೆ ಶುರು ಮಾಡಿದ್ದಾವೆ.” ಎಂಬತ್ತರ ಹತ್ತಿರದ ಪ್ರಾಯ ಅವರಿಗೆ. ಮದುವೆಯಾಗಿ ಈ ಮನೆಗೆ ಬಂದಾಗಲೇ ಮರದ ಮೇಲೆ ಗೂಡಿತ್ತಂತೆ. ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಗುಡಿಸಿ ಒಂದು ಬದಿಗೆ ಒಟ್ಟಿದ್ದನ್ನು ತೋರಿಸಿದರು: ಮೀನಿನ ತಲೆಬುರುಡೆ, ಏಡಿಯ ಕೊಂಬು, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಪಕ್ಕೆಲುಬು ಹೊತ್ತ ಹಾವಿನ ಬೆನ್ನೆಲುಬು. ಬಾಲದ ತುದಿ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದ್ದುದರಿಂದ ಅದು ಕಡಲಹಾವೆಂದು ತಿಳಿಯುತ್ತಿತ್ತು. ಪ್ರತಿದಿನ ಬೆಳಗ್ಗೆ ಅಂಗಳದ ಜೊತೆಗೆ ಇದನ್ನೂ ಗುಡಿಸಬೇಕು, ವಾಸನೆಯನ್ನೂ ಸಹಿಸಬೇಕು. ನಾವು ವರ್ಷಕ್ಕೊಮ್ಮೆ ಬಂದು ಚಿತ್ರ ತೆಗೆದು ಹೋಗುವವರು. ಆ ಹಕ್ಕಿಗೆ ನಿಜವಾದ ನೆರೆಯವರು ಇವರು.

ಕೂರಲು ನಮಗೆ ಹಟ್ಟಿಯ ಮಾಡಿನ ಕೆಳಗೆ ಜಾಗ ಕೊಟ್ಟರು. “ಅದರಿಂದ ಮುಂದೆ ಬರಬೇಡಿ ಮಕ್ಕಳೇ, ಅದು ಮೇಲಿಂದ ಕೂಗ್ತದೆ, ಗೂಡಿಗೆ ಇಳಿಯುವುದಿಲ್ಲ” ಎಂದು ಅಮ್ಮ ಎಚ್ಚರಿಸಿದರು. ಹಟ್ಟಿ ಅಂಗಳದ ಪಡು ಬದಿಗಿತ್ತು, ಮರಕ್ಕೂ ನಮಗೂ ಎಪ್ಪತ್ತು ಹೆಜ್ಜೆಗಳ ದೂರ. ಆ ಜಾಗದ ಬೆಲೆ ನಮಗೆ ತಿಳಿದದ್ದು ನಾಲ್ಕೂಕಾಲಕ್ಕೆ, ಹದ್ದು ಕಡಲಿನಿಂದ ಬಂದಾಗ. ಅದು ನೇರವಾಗಿ ಗೂಡಿಗೆ ಇಳಿಯಲಿಲ್ಲ. ಮರವನ್ನು ದಾಟಿ ಮೂಡಕ್ಕೆ ಹೋಗಿ, ದೊಡ್ಡ ಸುತ್ತು ಹಾಕಿ, ಕಡಲಗಾಳಿಗೆ ಎದುರಾಗಿ ಮರಳಿತು. ಗಾಳಿಗೆ ಎದುರಾಗಿ ಇಳಿದರೆ ಹಕ್ಕಿಗೆ ವೇಗ ತಗ್ಗಿಸುವುದು ಸುಲಭ. ಹಾಗೆ ಮರಳುವಾಗ ಪಡುವಣದ ಬಿಸಿಲು ಅದರ ಎದೆಗೆ ನೇರವಾಗಿ ಬಿತ್ತು. ಎರಡು ಮೀಟರ್ ಅಗಲದ ರೆಕ್ಕೆಗಳು, ಅಚ್ಚ ಬಿಳಿಯ ತಲೆ ಮತ್ತು ಹೊಟ್ಟೆ, ಬೂದು ಕಪ್ಪಿನ ಹಾರುಗರಿಗಳು, ಕಾಲುಗಳಲ್ಲಿ ಇನ್ನೂ ನುಲಿಯುತ್ತಿದ್ದ ಕಡಲಹಾವು. ಈ ಬಿಳಿಯನ್ನು ಕ್ಯಾಮೆರಾದ ಲೆಕ್ಕಕ್ಕೇ ಬಿಟ್ಟರೆ ಗರಿಗಳ ಎಳೆಗಳೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು ತಗ್ಗಿಸಿ, ಶಟರ್ ವೇಗವನ್ನು 1/2500 ಸೆಕೆಂಡಿಗೆ ಇಟ್ಟಿದ್ದೆ. ಒಂಬತ್ತು ಚಿತ್ರಗಳು ಬಂದವು. ಮರದ ಬುಡಕ್ಕೆ ಹೋಗಿದ್ದರೆ ಹೊಟ್ಟೆಯ ನೆರಳು ಮಾತ್ರ ಸಿಗುತ್ತಿತ್ತು.

ಮರಿಗಳೆರಡೂ ಗೂಡಿನ ಅಂಚಿಗೆ ಬಂದವು. ತಾಯ್ತಂದೆಯರ ಬಿಳಿ ಅವುಗಳಿಗಿಲ್ಲ; ಮೈಯೆಲ್ಲ ಕಂದು, ತಲೆ ತಿಳಿ ಗೋಧಿ ಬಣ್ಣ. ಬೆಳೆದ ಹಕ್ಕಿಯ ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ದೊಡ್ಡ ಮರಿ ಹಾವಿನ ಮೇಲೆ ರೆಕ್ಕೆ ಹರಡಿ ಮರೆಮಾಡಿಕೊಂಡಿತು, ಸಣ್ಣದು ಕತ್ತು ಚಾಚಿ ಕಾಯುತ್ತಾ ನಿಂತಿತು. ಅದಕ್ಕೂ ಒಂದು ತುಂಡು ಸಿಗುವವರೆಗೆ ನಾವು ಯಾರೂ ಮಾತಾಡಲಿಲ್ಲ.

ಹೊರಡುವ ಮುಂಚೆ ಕಳೆದ ವರ್ಷದ ಚಿತ್ರದ ಪ್ರತಿಯನ್ನು ಅಮ್ಮನಿಗೆ ಕೊಟ್ಟೆವು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಅವರ ಮಗ ಅದನ್ನು ತುಂಬ ಹೊತ್ತು ನೋಡಿದರು. ಮರದ ಗೆಲ್ಲುಗಳು ಮಾಡಿನ ಹಂಚಿಗೆ ಬಡಿಯುತ್ತವೆ, ಮಳೆಗಾಲದೊಳಗೆ ಮರವನ್ನೇ ತೆಗೆಸಬೇಕೆಂದು ಅವರು ಯೋಚಿಸಿದ್ದು ನಮಗೆ ಆಗಲೇ ತಿಳಿದದ್ದು. “ಮರಿಗಳು ಯಾವಾಗ ಹಾರಿಹೋಗ್ತಾವೆ ಮಾಸ್ಟ್ರೇ?” ಎಂದು ಕೇಳಿದರು. ಫೆಬ್ರವರಿ ಮುಗಿಯುವುದರೊಳಗೆ ಹಾರಬಹುದು, ಆದರೆ ಆಮೇಲೂ ಕೆಲವು ವಾರ ರಾತ್ರಿ ಇಲ್ಲಿಗೇ ಬರುತ್ತವೆ ಎಂದು ಮಾಸ್ಟ್ರು ಹೇಳಿದರು. ಮನೆಯ ಮಗ ಸ್ವಲ್ಪ ಯೋಚಿಸಿ, ಹಾಗಾದರೆ ಏಪ್ರಿಲಿನಲ್ಲಿ ಮರ ಹತ್ತುವವರನ್ನು ಕರೆಸಿ ಮನೆಯ ಬದಿಯ ಗೆಲ್ಲುಗಳನ್ನಷ್ಟೇ ಕಡಿಸುತ್ತೇನೆ, ಯಾವುದನ್ನು ಬಿಡಬೇಕೆಂದು ಈಗಲೇ ತೋರಿಸಿ ಎಂದರು. ಅವರೂ ಮಾಸ್ಟ್ರೂ ಅಂಗಳದಲ್ಲಿ ನಿಂತು ಒಂದೊಂದೇ ಗೆಲ್ಲನ್ನು ಕೈತೋರಿಸಿ ಗುರುತು ಮಾಡಿಕೊಂಡರು: ಗೂಡಿನ ಕವಲು, ಅದರ ಕೆಳಗೆ ಆಧಾರವಾಗಿರುವ ಎರಡು ದಪ್ಪ ಗೆಲ್ಲುಗಳು, ಪಡುವಣ ಬದಿಗೆ ಚಾಚಿದ, ಸಂಜೆ ಹದ್ದು ಬಂದು ಕೂರುವ ಒಣಗಿದ ಗೆಲ್ಲು. ಗೆಳೆಯ ತನ್ನ ಪುಸ್ತಕದಲ್ಲಿ ಮರದ ರೇಖಾಚಿತ್ರ ಬರೆದು, ಬಿಡಬೇಕಾದ ಗೆಲ್ಲುಗಳಿಗೆ ಗುರುತು ಹಾಕಿ, ಆ ಹಾಳೆಯನ್ನು ಹರಿದು ಅವರ ಕೈಗಿತ್ತ.