ಅನುವಾದದ ಮಾಷ್ಟ್ರುಗಳ ಫೋನಿಗೆ ಹೊಸ ಸರ್ಟಿಫಿಕೇಟ್

ಬದಿಯಡ್ಕ, 20 ಜೂನ್ 2025, ಶುಕ್ರವಾರ

ಗ್ರಂಥಾಲಯದ ಮೇಲ್ ಸರ್ವರಿನ ಹಳೆಯ ಸರ್ಟಿಫಿಕೇಟಿನ ಅವಧಿ ಈ ವಾರ ಮುಗಿಯುವುದಿತ್ತು. ಸರ್ಟಿಫಿಕೇಟ್ ಅಂದರೆ ಇದು ಇಂಥದೇ ಸರ್ವರ್ ಅಂತ ಫೋನಿಗೆ ತೋರಿಸುವ ಡಿಜಿಟಲ್ ಗುರುತುಚೀಟಿ. ಇವತ್ತು ಹೊಸದು ಹಾಕಿದೆ. ಮಧ್ಯಾಹ್ನದ ಮೇಲೆ ಒಬ್ಬೊಬ್ಬರ ಫೋನ್ ಹಿಡಿದು ಕೂತದ್ದೇ ಕೆಲಸ.

ಇದಕ್ಕೆ ಇಷ್ಟು ಹೊತ್ತು ಯಾಕೆ ಅಂತ ಕೇಳುವವರು ಆ ಮೇಲ್‌ಗಳಲ್ಲಿ ಏನಿರುತ್ತದೆ ಅಂತ ತಿಳಿಯಬೇಕು. ನಮ್ಮ ಊರು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಕನ್ನಡ ಮಾತ್ರ ಓದಲು ಬರುವ ಹಿರಿಯರು ಇಲ್ಲಿ ಇವತ್ತಿಗೂ ಇದ್ದಾರೆ. ಅವರ ಕೈಗೆ ಬರುವ ನೋಟಿಸು, ಪಿಂಚಣಿಯ ಕಾಗದ ಎಲ್ಲ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತದೆ. ಅದನ್ನು ಗ್ರಂಥಾಲಯಕ್ಕೆ ತರುತ್ತಾರೆ. ನಾವು ಸ್ಕ್ಯಾನ್ ಮಾಡಿ, ನಿವೃತ್ತ ಮಾಷ್ಟ್ರುಗಳಿಗೆ, ಟೀಚರುಗಳಿಗೆ ಮೇಲ್ ಮಾಡುತ್ತೇವೆ. ಅವರು ಕನ್ನಡಕ್ಕೆ ಮಾಡಿ ಕಳಿಸುತ್ತಾರೆ. ಆ ಕಾಗದಗಳಲ್ಲಿ ಆಧಾರ್ ನಂಬರ್ ಇರುತ್ತದೆ, ಜಾಗದ ಸರ್ವೆ ನಂಬರ್ ಇರುತ್ತದೆ, ಎಷ್ಟೋ ಸಲ ಆಸ್ಪತ್ರೆಯ ಚೀಟಿಯೂ ಇರುತ್ತದೆ. ನಮ್ಮನ್ನು ನಂಬಿ ಕೊಟ್ಟದ್ದು. ಮೂರನೆಯವರ ಕಣ್ಣಿಗೆ ಬೀಳಬಾರದು.

ಸರ್ವರ್ ಇರುವುದು ಗ್ರಂಥಾಲಯದ ಒಳಗೇ. ಹೊರಗಿನ ಇಂಟರ್ನೆಟ್ಟಿಗೆ ಅದರ ಹೆಸರೇ ಗೊತ್ತಿಲ್ಲ. ಮನೆಯಿಂದ ನೋಡುವವರು ವಿಪಿಎನ್ (ಇಂಟರ್ನೆಟ್ಟಿನ ಮೂಲಕ ಗ್ರಂಥಾಲಯದ ಒಳಗೆ ಬರುವ ಗುಟ್ಟಿನ ದಾರಿ) ಮೂಲಕ ಬರುತ್ತಾರೆ. ಹೊರಗೆ ಹೆಸರು ಇದ್ದಿದ್ದರೆ ಫೋನುಗಳು ಮೊದಲೇ ನಂಬುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ದುಡ್ಡಿಲ್ಲದೆ ಸರ್ಟಿಫಿಕೇಟ್ ಸಿಗುತ್ತಿತ್ತು, ಫೋನ್ ಮುಟ್ಟುವ ಕೆಲಸವೇ ಇರುತ್ತಿರಲಿಲ್ಲ. ಸ್ವಂತ ಡೊಮೇನ್ ಇರುವವರು ಆ ದಾರಿಯನ್ನೇ ಹಿಡಿಯಿರಿ. ಒಳಗಿನ ಹೆಸರಿಗೆ ಅಂಥ ಸಂಸ್ಥೆಗಳು ಯಾವುವೂ ಕೊಡುವುದಿಲ್ಲ. ಹಾಗಾಗಿ ನಾವೇ ಸಹಿ ಹಾಕಿಕೊಳ್ಳಬೇಕು.

ನಾವೇ ಸಹಿ ಹಾಕಿದ ಸರ್ಟಿಫಿಕೇಟ್ ಅಂದರೆ ಕಳಪೆ ಅಂತಲ್ಲ. ಗುಟ್ಟು ಕಾಯುವುದರಲ್ಲಿ ಅದು ಯಾವುದಕ್ಕೂ ಕಮ್ಮಿ ಇಲ್ಲ. ಆದರೆ ಎದುರಿಗಿರುವುದು ನಮ್ಮದೇ ಸರ್ವರ್ ಅಂತ ಫೋನಿಗೆ ಹೇಳುವವರು ಯಾರೂ ಇರುವುದಿಲ್ಲ. ಗ್ರಂಥಾಲಯದ ವೈಫೈಯನ್ನು ಪೇಪರ್ ಓದಲು ಬಂದವರೂ ಬಳಸುತ್ತಾರೆ. ಅದೇ ವೈಫೈಯಲ್ಲಿ ಒಬ್ಬ ಮಧ್ಯೆ ನಿಂತು ತನ್ನ ಸರ್ಟಿಫಿಕೇಟ್ ತೋರಿಸಿದರೆ? ಫೋನು ಒಪ್ಪಿಕೊಂಡರೆ ಪಾಸ್‌ವರ್ಡ್ ಸಮೇತ ಎಲ್ಲವೂ ಅವನ ಕೈಗೆ ಹೋಯಿತು. ಹಳೆಯ ಆಂಡ್ರಾಯ್ಡ್ ಫೋನುಗಳ ಮೇಲ್ ಆಪಿನಲ್ಲಿ ಯಾವ ಸರ್ಟಿಫಿಕೇಟ್ ಬಂದರೂ ಒಪ್ಪಿಕೊಳ್ಳುವ ಒಂದು ಆಯ್ಕೆ ಇರುತ್ತಿತ್ತು. ಅದನ್ನು ಒತ್ತಿದರೆ ತಕರಾರೇ ಇಲ್ಲದೆ ಮೇಲ್ ಬರುತ್ತದೆ. ಯಾರೇ ಹೇಳಲಿ, ಅದನ್ನು ಮಾತ್ರ ಒತ್ತಬೇಡಿ.

ಈ ಸಲ ನಮ್ಮದೇ ಒಂದು ರೂಟ್ ಸರ್ಟಿಫಿಕೇಟ್ (ಬೇರೆ ಸರ್ಟಿಫಿಕೇಟಿಗೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್) ಮಾಡಿ, ಅದರಿಂದ ಸರ್ವರಿನ ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಸರ್ವರಿನದು ಎರಡು ವರ್ಷಕ್ಕೆ. ಜಾಸ್ತಿ ಕೊಡುವ ಹಾಗಿಲ್ಲ, 825 ದಿನ ದಾಟಿದರೆ ಐಫೋನ್ ಒಪ್ಪುವುದಿಲ್ಲ. ಮುಂದೆ ಅದನ್ನು ಬದಲಾಯಿಸಿದರೂ ರೂಟ್ ಹಾಕಿದ ಫೋನುಗಳನ್ನು ಪುನಃ ತರಿಸಬೇಕಾಗಿಲ್ಲ.

ಆಂಡ್ರಾಯ್ಡ್ 11ರಿಂದ ಈಚೆಗೆ ಫೈಲ್ ಒತ್ತಿದ ಕೂಡಲೇ ರೂಟ್ ಸರ್ಟಿಫಿಕೇಟ್ ಕೂರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಸೆಕ್ಯುರಿಟಿಯ ಒಳಗೆ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡುವ ಜಾಗ ಹುಡುಕಬೇಕು. ಅದು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ. ಅಲ್ಲಿ ಸಿಎ (ಸಹಿ ಹಾಕುವವರ) ಸರ್ಟಿಫಿಕೇಟ್ ಆರಿಸಿದರೆ, ನಿಮ್ಮ ಮಾಹಿತಿ ಖಾಸಗಿಯಾಗಿ ಉಳಿಯುವುದಿಲ್ಲ ಅಂತ ದೊಡ್ಡ ಎಚ್ಚರಿಕೆ ಬರುತ್ತದೆ. ಫೋನ್ ಹಿಡಿದು ಎದುರು ಕೂತಿದ್ದ ಒಬ್ಬ ಮಾಷ್ಟ್ರು ಅಲ್ಲಿಗೇ ಕೈ ನಿಲ್ಲಿಸಿದರು.

“ಇದೆಂತ ಮಾರಾಯ, ಗುಟ್ಟು ಉಳಿಯಲಿಕ್ಕೆ ಅಂತ ಹೇಳಿದೆ, ಇದು ಉಳಿಯುದಿಲ್ಲ ಹೇಳ್ತದಲ್ಲಾ?”

“ಅದು ಸುಳ್ಳು ಹೇಳುದಲ್ಲ ಮಾಷ್ಟ್ರೇ,” ಅಂದೆ. ರೂಟ್ ಸರ್ಟಿಫಿಕೇಟಿನ ಕೀ, ಅಂದರೆ ಸಹಿ ಹಾಕುವ ಗುಟ್ಟಿನ ಫೈಲ್, ಯಾರ ಕೈಯಲ್ಲಿದೆಯೋ ಅವರು ಯಾವ ಹೆಸರಿಗೆ ಬೇಕಾದರೂ ಸಹಿ ಹಾಕಬಹುದು. ನಮ್ಮ ಸರ್ವರಿಗೆ ಮಾತ್ರ ಅಂತಿಲ್ಲ. 2011ರಲ್ಲಿ ಸರ್ಟಿಫಿಕೇಟ್ ಕೊಡುತ್ತಿದ್ದ ನೆದರ್‌ಲ್ಯಾಂಡ್ಸಿನ ಡಿಜಿನೋಟಾರ್ ಕಂಪನಿಯೊಳಗೆ ಕಳ್ಳರು ನುಗ್ಗಿ ಗೂಗಲ್ ಹೆಸರಿನಲ್ಲೇ ಸರ್ಟಿಫಿಕೇಟ್ ಮಾಡಿಕೊಂಡಿದ್ದರು. ಕಂಪನಿ ಅದೇ ವರ್ಷ ದಿವಾಳಿಯಾಯಿತು. ಹಾಗಾಗಿ ನಮ್ಮ ಕೀ ಇರುವುದು ಒಂದು ಪೆನ್ ಡ್ರೈವಿನಲ್ಲಿ, ಪಾಸ್‌ವರ್ಡ್ ಹಾಕಿ, ಬೀಗ ಹಾಕಿದ ಕಪಾಟಿನಲ್ಲಿ. ಸರ್ವರಿನಲ್ಲಿ ಅದು ಇಲ್ಲ. ಮಾಷ್ಟ್ರು ಎಲ್ಲ ಕೇಳಿಯೇ ಮುಂದಕ್ಕೆ ಒತ್ತಿದರು. ಎಲ್ಲರೂ ಹೀಗೆ ಕೇಳಿದರೆ ಎಷ್ಟು ಒಳ್ಳೆಯದು ಅಲ್ವಾ?

ಇಷ್ಟಾದರೂ ಕೆಲವು ಆಪ್‌ಗಳು ಸುಮ್ನೆ ಒಪ್ಪುವುದಿಲ್ಲ. ಆಂಡ್ರಾಯ್ಡ್ 7 ಬಂದಾಗಿನಿಂದ, ನಾವು ಹಾಕಿದ ಸರ್ಟಿಫಿಕೇಟನ್ನು ನಂಬಬೇಕಾದರೆ ಆಪ್ ಮಾಡಿದವರೇ ಅದಕ್ಕೆ ಅನುಮತಿ ಕೊಟ್ಟಿರಬೇಕು. ಕೆ-9 ಮೇಲ್ ಅನ್ನುವ ಆಪ್ ನನಗೆ ಇಷ್ಟವಾಗುವುದು ಇಲ್ಲಿ. ಗುರುತಿಲ್ಲದ ಸರ್ಟಿಫಿಕೇಟ್ ಬಂದರೆ ಅದರ ಫಿಂಗರ್‌ಪ್ರಿಂಟ್ (ಸರ್ಟಿಫಿಕೇಟಿನಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಗುರುತು) ತೋರಿಸಿ, ಒಪ್ಪಬೇಕಾ ಅಂತ ಕೇಳುತ್ತದೆ. ಒಪ್ಪಿದ ಮೇಲೆ ಸರ್ಟಿಫಿಕೇಟ್ ಬದಲಾದರೆ ಪುನಃ ಕೇಳುತ್ತದೆ.

ಐಫೋನ್ ಇರುವವರು ಒಬ್ಬರೇ. ಅಲ್ಲಿ ಪ್ರೊಫೈಲ್ (ನಮ್ಮ ರೂಟ್ ಸರ್ಟಿಫಿಕೇಟ್ ಇರುವ ಫೈಲ್) ಇನ್‌ಸ್ಟಾಲ್ ಮಾಡಿದರೆ ಸಾಲದು. ಜನರಲ್, ಅಬೌಟ್, ಅದರ ಕೊನೆಯಲ್ಲಿ ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್ ಇದೆ. ಅಲ್ಲಿ ನಮ್ಮ ಹೆಸರಿನ ಎದುರಿನ ಸ್ವಿಚ್ ಆನ್ ಮಾಡಬೇಕು.

ಪೆರ್ಲದ ಟೀಚರಿಗೆ ಈ ಮಳೆಯಲ್ಲಿ ಬರಲಾಗಲಿಲ್ಲ. ಫೈಲನ್ನು ವಾಟ್ಸ್‌ಆಪಿನಲ್ಲಿ ಕಳಿಸಿದೆ. ಸರ್ಟಿಫಿಕೇಟ್ ಗುಟ್ಟಿನದಲ್ಲ, ಹೇಗೆ ಕಳಿಸಿದರೂ ಆಗುತ್ತದೆ. ದಾರಿಯಲ್ಲಿ ಬದಲಾಗಿಲ್ಲ ಅಂತ ಖಾತ್ರಿಯಾದರೆ ಸಾಕು. ಫೋನ್ ಮಾಡಿದೆ. ಅವರು ತಮ್ಮ ಫೋನಿನಲ್ಲಿ ಕಂಡ ಫಿಂಗರ್‌ಪ್ರಿಂಟನ್ನು ಎರಡೆರಡು ಅಕ್ಷರವಾಗಿ ಓದಿದರು. ನಾನು ಪ್ರಿಂಟ್ ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋದೆ. ಒಟ್ಟು 64 ಅಕ್ಷರ. ಅರ್ಧಕ್ಕೆ ಬಂದಾಗ “ಇಷ್ಟು ಸಾಕಾ?” ಅಂದರು. ಪೂರ್ತಿ ಓದಿ ಟೀಚರೇ ಅಂದೆ, ಓದಿದರು. ಎಲ್ಲ ಅಕ್ಷರ ಸರಿ ಇತ್ತು. ವರ್ಷಗಳಿಂದ ಕೇಳಿದ ಸ್ವರ, ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಉಳಿದವರು ನಾಳೆ ಬರುತ್ತಾರೆ. ಫಿಂಗರ್‌ಪ್ರಿಂಟಿನ ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೇನೆ, ಯಾರು ಬೇಕಾದರೂ ತಾಳೆ ನೋಡಿಕೊಳ್ಳಬಹುದು. ಕಳೆದ ವರ್ಷ ಅನುವಾದ ಬಿಟ್ಟವರು ಒಬ್ಬರಿದ್ದಾರೆ. ಅವರ ಫೋನಿನಿಂದ ಹಳೆಯ ಸರ್ಟಿಫಿಕೇಟ್ ತೆಗೆದು, ಸರ್ವರಿನಲ್ಲಿ ಅವರ ಖಾತೆಯನ್ನೂ ಮುಚ್ಚಬೇಕು.