ನಮ್ಮೂರಿನ ಖಾನ್‌ಸಾಹೇಬರು

ಇವತ್ತು ಸಂಜೆಯಿಂದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಹಳೆಯ ಧ್ವನಿಮುದ್ರಿಕೆಗಳನ್ನೇ ಕೇಳುತ್ತಾ ಕೂತಿದ್ದೇನೆ. ಮಿರಜದಲ್ಲಿ ನೆಲೆಸಿದ್ದ ಅವರು ನಮಗೆ ಊರಿನವರೇ. ಹುಟ್ಟಿದ್ದು ಮಾತ್ರ ದೂರದ ಉತ್ತರ ಪ್ರದೇಶದ ಕೈರಾನಾದಲ್ಲಿ, 1872ರಲ್ಲಿ. ಬರೋಡಾ, ಪುಣೆ, ಮೈಸೂರು, ಮದರಾಸು ಅಂತ ಬದುಕಿಡೀ ತಿರುಗಾಟ. ಮೈಸೂರಿನ ದಾರಿಯಲ್ಲಿ ಕುಂದಗೋಳದ ನಾಡಗೇರ ಮನೆತನದ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಆ ಊರಿನ ಹುಡುಗ ರಾಮಭಾವು ಖಾನರ ಶಿಷ್ಯನಾಗಿ, ಸವಾಯಿ ಗಂಧರ್ವ ಎಂದು ಹೆಸರಾದ ಗಾಯಕನಾದ. ಆ ಸ್ನೇಹದ ಮನೆ ಇರದಿದ್ದರೆ ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಗಾಯನ ನಮಗೆ ಹೀಗೆ ಸಿಗುತ್ತಿತ್ತೇ?

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ದಕ್ಷಿಣಕ್ಕೆ ಬಂದ ದೊಡ್ಡ ಗವಾಯಿ ತಮ್ಮದನ್ನು ಹಾಡಿ, ಶಾಲು ಹೊದ್ದು ಹೋಗಬಹುದಿತ್ತು. ಇವರು ಕರ್ನಾಟಕ ಸಂಗೀತವನ್ನು ಮನಸಾರೆ ಕೇಳಿದರು, ಕಲಿತರು, ಅಲ್ಲಿಯ ಸ್ವರ ಹಾಕುವ ಬಗೆಯನ್ನು ತಮ್ಮ ಸರಗಮ್‌ಗೆ, ಅಂದರೆ ಸ್ವರಗಳ ಹೆಸರಲ್ಲೇ ಹಾಡುವ ರೀತಿಗೆ, ತಂದುಕೊಂಡರು. ಖರಹರಪ್ರಿಯ ರಾಗದಲ್ಲಿ ತ್ಯಾಗರಾಜರ ಕೃತಿಯನ್ನೇ ಹಾಡಿ ರೆಕಾರ್ಡ್ ಮಾಡಿದರು! ಅಷ್ಟು ಹೆಸರು ಬಂದ ಮೇಲೂ ಇನ್ನೊಬ್ಬರ ಸಂಗೀತದೆದುರು ವಿದ್ಯಾರ್ಥಿಯಾಗಿ ಕೂರುವುದು ಸಣ್ಣ ಮಾತಲ್ಲ. ಕೇಳುವಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಕೊನೆಯೂ ಪಯಣದಲ್ಲೇ. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟವರು ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರು, ಅಲ್ಲೇ ತೀರಿಕೊಂಡರು. ಇಲ್ಲಿ ಮಿರಜದ ಮೀರಾಸಾಹೇಬರ ದರ್ಗಾದಲ್ಲಿ ಉರುಸಿನ ಹೊತ್ತಿಗೆ ಅವರ ನೆನಪಿಗೆ ಗಾಯಕರು ಬಂದು ಹಾಡುತ್ತಾರೆ. ಜತ್ತ, ಸೊಲ್ಲಾಪುರ, ಅಕ್ಕಲಕೋಟೆಯ ಗೆಳೆಯರೇ, ಈ ಸಲ ಬನ್ನಿ. ನಮ್ಮ ಮನೆಯಲ್ಲೇ ಇಳಿಯಿರಿ.